ಕರಿಹಲಗೆಯ ಮೇಲಿನ ಕಳ್ಳ

ನಮ್ಮೂರಲ್ಲಿ ಯಾರ ಮನೆಯಲ್ಲಾದರೂ ಕಳುವಾದರೆ, ಎಷ್ಟೋ ಸಲ ಕಳೆದುಕೊಂಡವರಿಗಿಂತ ಮೊದಲು ನನಗೇ ಸುದ್ದಿ ಮುಟ್ಟುತ್ತಿತ್ತು. ಪೊಲೀಸಿನವರು ನೆಟ್ಟಗೆ ನನ್ನ ಮನೆಗೇ ಬರುತ್ತಿದ್ದರು.

ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನಾನು ಮಗ್ಗ ನಡೆಸುತ್ತಿದ್ದ ಕಾಲ ಅದು. ರಾಜ್ಯ ಇನ್ನೂ ಒಂದಾಗಿರಲಿಲ್ಲ. ಹರಿಹರದ ಹೊಳೆಯ ಈಚೆ ಮೈಸೂರು ಸರ್ಕಾರ, ಆಚೆ ಮುಂಬಯಿ ಸರ್ಕಾರ. ಎರಡು ಸರ್ಕಾರಗಳನ್ನೂ ನಾನು ಗಿರಣಿ ಗೇಟಿನ ಮುಂದೆ ನಿಂತು ಸರಿಸಮವಾಗಿ ಬೈಯುತ್ತಿದ್ದೆ. ಕೂಲಿಕಾರರ ಸಂಘಕ್ಕೆ ನಾನೇ ಸೆಕ್ರೆಟರಿ. ಶಾಲೆಗೆ ಹೋದದ್ದು ಮೂರೇ ವರ್ಷ. ಉಳಿದ ಓದೆಲ್ಲ ಮಂಡಕ್ಕಿ ಪೊಟ್ಟಣದ ಕಾಗದದ ಮೇಲೆ ಆದದ್ದು. ಸಂಜೆ ಮಂಡಕ್ಕಿ ತಿಂದು, ಕಾಗದ ಬಿಡಿಸಿ, ಎರಡೂ ಕಡೆ ಓದದೆ ಎಸೆದವನಲ್ಲ. ಹೀಗಾಗಿ ಪ್ರಪಂಚದ ಬಹಳ ವಿಷಯಗಳ ನಡುವಿನ ಭಾಗ ಮಾತ್ರ ನನಗೆ ಗೊತ್ತು. ಮೊದಲು ಏನಾಯಿತು, ಕೊನೆಗೆ ಏನಾಯಿತು ಎಂಬುದನ್ನು ಭಾಷಣದಲ್ಲಿ ನಾನೇ ಸೇರಿಸಿಕೊಳ್ಳುತ್ತಿದ್ದೆ.

ಆಗ ನಮಗೆ ಹೊಸ ಇನ್ಸ್‌ಪೆಕ್ಟರರು ಬಂದರು. ಮೈಸೂರಿನ ಕಡೆಯವರು. ಯಾವ ಠಾಣೆ ಎಂದು ಹೇಳುವುದಿಲ್ಲ. ಠಾಣೆಯ ಗೋಡೆಗಳೇನೂ ತಪ್ಪು ಮಾಡಿಲ್ಲ. ಎಲ್ಲೋ ತರಬೇತಿಯಲ್ಲಿ ಒಂದು ಹೊಸ ವಿದ್ಯೆ ಕಲಿತು ಬಂದಿದ್ದರು. ಕಳ್ಳನನ್ನು ಹುಡುಕಬಾರದು, ಕಳುವಾದ ಜಾಗ ನೋಡಿ ಎಂಥ ಮನುಷ್ಯ ಈ ಕೆಲಸ ಮಾಡಿಯಾನು ಎಂದು ಮೊದಲು ಹುಡುಕಬೇಕು. ಅವನ ಸ್ವಭಾವ ಸಿಕ್ಕರೆ ಅವನು ಸಿಕ್ಕ ಹಾಗೇ. ವಿದ್ಯೆ ಏನೋ ಒಳ್ಳೆಯದೇ. ಆದರೆ ಕುಡುಗೋಲು ಒಳ್ಳೆಯದು ಅಂತ ಎಲ್ಲರ ಕೈಗೂ ಕೊಡುವುದಕ್ಕಾಗುತ್ತದೆಯೇ? ಅವರು ಒಂದು ಕರಿಹಲಗೆ ತರಿಸಿ ಠಾಣೆಯ ಗೋಡೆಗೆ ಹೊಡೆಸಿದರು. ಕಳ್ಳನ ಗುಣಗಳನ್ನೆಲ್ಲ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬರೆದು ಮುಗಿಸಿ ಹಿಂದೆ ಸರಿದು ನೋಡಿದರೆ, ಪ್ರತಿ ಸಲವೂ ಅಲ್ಲಿ ನಾನೇ ನಿಂತಿರುತ್ತಿದ್ದೆ.

ಕಳ್ಳ ಎತ್ತರ, ನಾನು ಗಿಡ್ಡ

ಮೊದಲು ಕಳುವಾದದ್ದು ಒಬ್ಬ ಅರಳೆ ವ್ಯಾಪಾರಿಯ ಮನೆಯ ತಾಮ್ರದ ಹಂಡೆ. ಬಚ್ಚಲಮನೆಯಲ್ಲಿದ್ದದ್ದು ಬೆಳಗಾಗುವುದರಲ್ಲಿ ಇಲ್ಲ. ನನ್ನನ್ನು ನಿಟ್ಟುವಳ್ಳಿಯ ಮನೆಯಿಂದ ಕರೆದುಕೊಂಡು ಹೋಗಿ ಕರಿಹಲಗೆಯ ಮುಂದೆ ನಿಲ್ಲಿಸಿದರು. ಅಲ್ಲಿ ಬರೆದಿತ್ತು: ಬಡವ. ಸಿಟ್ಟಿನವ. ಶ್ರೀಮಂತರನ್ನು ಕಂಡರೆ ಆಗದವ. ಮದುವೆಯಾಗಿಲ್ಲ. ಎತ್ತರದ ಆಳು.

"ಮದುವೆ ಆಗಿಲ್ಲ ಅಂತ ಹೆಂಗೆ ಗೊತ್ತಾತ್ರಿ?" ಎಂದು ಕೇಳಿದೆ.

"ಹೆಂಡತಿ ಇದ್ದವನು ಹಂಡೆ ಹೊತ್ಕೊಂಡು ಮನೆಗೆ ಹೋದರೆ, ಎಲ್ಲಿಂದ ತಂದೆ ಅಂತ ಕೇಳ್ತಾಳೆ ಕಣಯ್ಯ," ಎಂದರು ಇನ್ಸ್‌ಪೆಕ್ಟರು.

ನನಗೆ ಮದುವೆ ಆಗಿರಲಿಲ್ಲ ಎಂಬುದೂ ನಿಜವೇ. ಆದರೆ ಎತ್ತರ ಒಂದು ನನ್ನ ಕೈ ಹಿಡಿಯಬೇಕಿತ್ತು. ನಾನು ಗೇಟಿನ ಮುಂದೆ ಭಾಷಣ ಮಾಡುವಾಗ ಹಿಂದಿನವರಿಗೆ ಕಾಣಲಿ ಎಂದು ಕಲ್ಲಿನ ಮೇಲೆ ನಿಲ್ಲುವವನು.

ಠಾಣೆಯಲ್ಲಿ ಒಬ್ಬ ಹಳೆಯ ದಫೇದಾರರಿದ್ದರು. ಭಾನುವಳ್ಳಿಯವರು. ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಹೀಗಾಗಿ ಮಾತು ಕಡಿಮೆ. ಅವರು ಎಲೆಅಡಿಕೆ ಒಂದು ದವಡೆಗೆ ತಳ್ಳಿ, "ಸಾಹೇಬ್ರೆ, ಕಳ್ಳ ಎತ್ತರ ಅದಾನೆ ಅಂತ ಬರ್ದೀರಿ. ಈ ಸೆಕ್ರೆಟ್ರಿಯೋರು ಗಿಡ್ಡ ಅದಾರೆ," ಎಂದರು.

ಇನ್ಸ್‌ಪೆಕ್ಟರು ನನ್ನನ್ನು ನೋಡಿದರು. ಹಲಗೆ ನೋಡಿದರು. ಆಮೇಲೆ ಎದ್ದು ಹೋಗಿ, ಅಂಗೈಯಿಂದ 'ಎತ್ತರದ ಆಳು' ಎಂಬುದನ್ನು ಒರೆಸಿದರು.

"ಈಗ ಸರಿಹೋಯ್ತಲ್ಲ," ಎಂದರು.

ನಾನು ಕೂಗಾಡಿದೆ. "ಆ ಹಲಗೆ ಮ್ಯಾಲೆ ಒಂದು ಸಲನಾದ್ರೂ ಶ್ರೀಮಂತ ಅಂತ ಬರೀರಿ ನೋಡೋಣ," ಎಂದೆ. ಇನ್ಸ್‌ಪೆಕ್ಟರು ಸೀಮೆಸುಣ್ಣ ತಗೊಂಡು 'ಬಾಯಿ ಜೋರು' ಎಂದು ಸೇರಿಸಿದರು.

ದಫೇದಾರರು ಮಾತ್ರ ಸುಮ್ಮನೆ ವ್ಯಾಪಾರಿಯ ಮನೆಗೆ ಹೋಗಿ ಹಿತ್ತಲಲ್ಲಿ ಒಂದು ಸುತ್ತು ಹಾಕಿ ಬಂದರು. ಬಂದವರು ಹೇಳಿದ್ದು ಇಷ್ಟು: "ಹಂಡೆ ತುಂಬ ನೀರಿತ್ತು. ಕಳ್ಳ ಅದನ್ನ ಬಚ್ಚಲಿಗೆ ಚೆಲ್ಲಿ ಓಡಬೇಕಿತ್ತು. ಇವನು ಹಿತ್ತಲಿಗೆ ಒಯ್ದು ಕರಿಬೇವಿನ ಗಿಡಕ್ಕೆ ಹಾಕ್ಯಾನೆ. ಪಾತಿ ಇನ್ನೂ ಹಸಿ ಐತೆ. ಕದಿಯೋನು ಮಾಡಲೇಬೇಕಾದ ಕೆಲಸ ನೋಡಿದ್ರೆ ಏನೂ ತಿಳಿಯಂಗಿಲ್ರಿ ಸಾಹೇಬ್ರೆ. ಮಾಡಬೇಕಾಗಿರದಿದ್ದ ಕೆಲಸ ಯಾವ್ದು ಮಾಡ್ಯಾನೆ, ಅದನ್ನ ನೋಡಬೇಕು. ಆ ಗಿಡದ ಮ್ಯಾಲೆ ಯಾರಿಗೆ ಪ್ರೀತಿ?"

ಪ್ರೀತಿ ವ್ಯಾಪಾರಿಯ ತಾಯಿಗೆ. ಸೊಸೆ ದಿನಾ ಹಂಡೆಗಟ್ಟಲೆ ಬಿಸಿನೀರು ಸುರಿದುಕೊಳ್ಳುತ್ತಾಳೆ ಎಂದು ಆ ಮುದುಕಿ ಹಂಡೆಯನ್ನೇ ಉರುಳಿಸಿಕೊಂಡು ಹೋಗಿ ಹುಲ್ಲಿನ ಬಣವೆಯಲ್ಲಿ ಹುದುಗಿಸಿಟ್ಟಿದ್ದಳು.

ನನ್ನನ್ನು ಬಿಡುವಾಗ ಇನ್ಸ್‌ಪೆಕ್ಟರು ಒಂದು ಮಾತು ಹೇಳಿದರು. "ಇದು ಮೊದಲನೇ ಸಲ. ಇನ್ನೆರಡು ಸಲ ನಿನ್ನನ್ನು ಕರೆಸೋ ಹಾಗಾದರೆ, ಗಡೀಪಾರಿಗೆ ವರದಿ ಕಳಿಸ್ತೀನಿ. ಜಿಲ್ಲೆ ಬಿಟ್ಟು ಹೋಗ್ತೀಯ."

"ಹಂಡೆ ಸಿಕ್ಕಿತಲ್ರೀ. ನಂದೇನು ತಪ್ಪು?"

"ತಪ್ಪಿನ ಮಾತಲ್ಲ. ನಿನ್ನ ಚಹರೆ ಹೊಂದುತ್ತೆ."

ಪುರಿ ಚೆಲ್ಲುವ ಪಾತಕಿ

ಗಡೀಪಾರು ಎಂದಾಗ ಗೇಟಿನ ಮುಂದೆ ನಾನು ನಕ್ಕೆ. ಮನೆಗೆ ಬಂದು ಅಕ್ಕನ ಮುಂದೆ ನಗಲಾಗಲಿಲ್ಲ. ಆಗ ನನಗೆ ಇದ್ದದ್ದು ಒಂದು ಮಗ್ಗ, ಒಬ್ಬ ಅಕ್ಕ, ಮತ್ತು ಸಂಘಕ್ಕೆ ಅಂತ ಬಾಡಿಗೆ ಹಿಡಿದ ಒಂದು ಕೋಣೆ. ಆ ಕೋಣೆಯಲ್ಲಿ ಸಂಜೆ ಹೊತ್ತು ಏಳೆಂಟು ಜನ ಕೂಲಿಕಾರರು ಅಕ್ಷರ ಕಲಿಯುತ್ತಿದ್ದರು. ನಾನು ಊರು ಬಿಟ್ಟರೆ ಮಗ್ಗಕ್ಕೆ ಬೇರೆಯವನು, ಕೋಣೆಗೆ ಬೀಗ.

"ಗಡೀಪಾರು ಅಂದ್ರೆ ಎಲ್ಲಿಗೆ ಕಳಿಸ್ತಾರೋ?" ಎಂದಳು ಅಕ್ಕ.

"ಹೊಳೆ ಆಚೆ."

"ಅಲ್ಲಿ ರೊಟ್ಟಿ ಯಾರು ತಟ್ಟಿ ಕೊಡ್ತಾರೆ ನಿನಗೆ? ಅದನ್ನೂ ಸರ್ಕಾರ ಬರ್ದು ಕೊಡ್ತೈತಾ ಕೇಳು."

ಎರಡನೇ ಕರೆ ತಿಂಗಳೊಳಗೆ ಬಂತು. ಊರಲ್ಲಿ ಸಾಲಾಗಿ ನಾಲ್ಕು ಕಳುವು ಆಗಿದ್ದವು. ಒಂದು ಕಡೆ ಗಡಿಯಾರ, ಒಂದು ಕಡೆ ಎತ್ತಿನ ಗೆಜ್ಜೆಸರ, ಒಂದು ಕಡೆ ಒಣಹಾಕಿದ ಸೀರೆ, ಇನ್ನೊಂದು ಕಡೆ ಹಾರ್ಮೋನಿಯಂ ಪೆಟ್ಟಿಗೆ. ಇನ್ಸ್‌ಪೆಕ್ಟರರ ಮುಖ ಬೆಳಗುತ್ತಿತ್ತು. ನಾಲ್ಕೂ ಜಾಗದಲ್ಲಿ ಅವರಿಗೆ ಒಂದೇ ಗುರುತು ಸಿಕ್ಕಿತ್ತು.

"ಪುರಿ ಕಣಯ್ಯ," ಎಂದರು. ನಮ್ಮ ಮಂಡಕ್ಕಿಗೆ ಅವರ ಕಡೆ ಪುರಿ ಅನ್ನುತ್ತಾರೆ. "ನಾಲ್ಕೂ ಮನೇಲಿ ನೆಲದ ಮೇಲೆ ಪುರಿ ಬಿದ್ದಿತ್ತು. ಒಬ್ಬನೇ ಮನುಷ್ಯ. ಪೊಲೀಸರನ್ನು ಅಣಕಿಸೋಕೆ ಹೋದಲ್ಲೆಲ್ಲ ಪುರಿ ಚೆಲ್ಲಿ ಬರ್ತಾನೆ. ಇದು ಅವನ ರುಜು ಇದ್ದ ಹಾಗೆ. ಅಹಂಕಾರಿ. ಸರ್ಕಾರ ಕಂಡರೆ ಆಗದವನು."

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನದ ಮನುಷ್ಯ ಯಾರಿದ್ದಾನೆ? ಇಲ್ಲಿ ಮಂಡಕ್ಕಿ ಬೀಳದ ನೆಲ ಇದ್ದರೆ ಅದರ ಮೇಲೆ ಇನ್ನೂ ಮನೆ ಕಟ್ಟಿಲ್ಲ ಎಂದು ಅರ್ಥ. ಆದರೆ ಇದನ್ನು ಅವರಿಗೆ ಹೇಳುವ ಧೈರ್ಯ ಯಾವ ಪೇದೆಗೂ ಇರಲಿಲ್ಲ. ಬಜ್ಜಿ ಅಂಗಡಿಗಳ ಮುಂದೆ ನಿಂತು ಮಂಡಕ್ಕಿ ತಿನ್ನುವವರ ಹೆಸರು ಬರೆದು ತನ್ನಿ ಎಂದು ಅಪ್ಪಣೆಯಾಗಿತ್ತು. ಎರಡೇ ಸಂಜೆಗೆ ಮೂರು ನೋಟ್‌ಬುಕ್ ತುಂಬಿದವು. ಮೊದಲನೇ ಹಾಳೆಯಲ್ಲೇ ಮುನ್ಸೀಫರು ಇದ್ದರು. ಆಮೇಲೆ ಇಬ್ಬರು ಪೂಜಾರಿಗಳು, ಒಬ್ಬ ಡಾಕ್ಟರು, ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಾಸ್ತರು. ಒಬ್ಬ ಪ್ರಾಮಾಣಿಕ ಪೇದೆ ಹಾಳೆಯ ಕೊನೆಗೆ ತನ್ನ ಹೆಸರನ್ನೂ ಬರೆದು, ಮುಂದೆ 'ಎರಡು ಸಲ' ಎಂದು ಹಾಕಿದ್ದ.

ಆದರೆ ಅಷ್ಟು ಜನರಲ್ಲಿ ಕರೆಸಿದ್ದು ನನ್ನೊಬ್ಬನನ್ನೇ. ನನಗೆ ತಲೆ ಕೆಟ್ಟಿತು.

"ಸಾಹೇಬ್ರೆ, ಒಂದು ಸಲ ಬಗ್ಗಿ ನಿಮ್ಮ ಮೇಜಿನ ಕೆಳಗೆ ನೋಡ್ರಿ," ಎಂದೆ.

ಅವರು ಬಗ್ಗಿ ನೋಡಿದರು. ಪೇದೆಗಳೆಲ್ಲ ಸಂಜೆ ಅಲ್ಲೇ ಕೂತು ತಿನ್ನುವವರು. ಕುರ್ಚಿಯ ಕಾಲಿನ ಸುತ್ತ ಒಂದು ಹಿಡಿ ಮಂಡಕ್ಕಿ ಬಿದ್ದಿತ್ತು. ಈಗಲಾದರೂ ಇವರಿಗೆ ತಿಳಿಯುತ್ತದೆ ಎಂದು ನಾನು ಎದೆ ಉಬ್ಬಿಸಿ ನಿಂತೆ.

ಇನ್ಸ್‌ಪೆಕ್ಟರು ನಿಧಾನಕ್ಕೆ ತಲೆ ಎತ್ತಿದರು. ಮುಖ ಬಿಳಿಚಿಕೊಂಡಿತ್ತು. ದಫೇದಾರರ ಕಡೆ ತಿರುಗಿ ಪಿಸುದನಿಯಲ್ಲಿ ಹೇಳಿದರು: "ಇಲ್ಲಿಗೂ ಬಂದು ಹೋಗಿದ್ದಾನೆ ಕಣಯ್ಯ."

ನನ್ನ ನೆರಳು

ಸಾಕ್ಷಿ ಸಿಗದೆ ಆ ಸಲವೂ ನನ್ನನ್ನು ಬಿಟ್ಟರು. ಆದರೆ ನಾನು ಎಂಥ ಮನುಷ್ಯ ಎಂದು ಹತ್ತಿರದಿಂದ ತಿಳಿಯುವುದಕ್ಕೆ ನನ್ನ ಹಿಂದೆ ಒಬ್ಬ ಮಫ್ತಿ ಪೇದೆಯನ್ನು ಬಿಟ್ಟರು. ಯಾರಿಗೂ ಗೊತ್ತಾಗಬಾರದು ಎಂದು ಅವನಿಗೆ ಕೂಲಿಕಾರನ ವೇಷ ಹಾಕಿಸಿದ್ದರು. ಬಟ್ಟೆ ಹಳೆಯದೇ. ಆದರೆ ಕಾಲಲ್ಲಿ ಪೊಲೀಸ್ ಬೂಟು ಫಳಫಳ ಹೊಳೆಯುತ್ತಿತ್ತು. ಬೂಟು ಬಿಚ್ಚಿಡಲು ಅಪ್ಪಣೆಯಾಗಿಲ್ಲವಂತೆ.

ಅವನ ಕೆಲಸ ನನ್ನ ಭಾಷಣ ಕೇಳಿ ಬರೆದು ಕೊಡುವುದು. ಪಾಪ, ಮೊದಲನೇ ದಿನವೇ ಗೋಡೆಗೆ ಒರಗಿ ನಿದ್ದೆ ಹೋದ. ಮರುದಿನ ಬೆಳಿಗ್ಗೆ ಅಕ್ಕ ಅಂಗಳ ಗುಡಿಸುವಾಗ ಬಾಗಿಲಲ್ಲಿ ನಿಂತಿದ್ದ.

"ಸೆಕ್ರೆಟ್ರಿಯೋರೆ, ನಿನ್ನೆ ಏನು ಮಾತಾಡಿದ್ರಿ, ಸ್ವಲ್ಪ ಹೇಳ್ರಿ. ಹತ್ತು ಗಂಟೆಗೆ ವರದಿ ಕೊಡಬೇಕು. ಕೆಲಸ ಹೋಗ್ತೈತೆ."

ನಾನು ಬಡವನ ಕೆಲಸ ಕಳೆಯುವವನೇ? ಒಳಗೆ ಕೂಡಿಸಿಕೊಂಡು ಹೇಳಿದೆ. ಹೇಳುತ್ತ ಹೇಳುತ್ತ ಹುರುಪು ಬಂತು. ಹಿಂದಿನ ದಿನ ಕೆಮ್ಮು ಬಂದು ನಡುವೆ ನಿಂತಿದ್ದ ಮಾತು ಈಗ ನಿಲ್ಲಲಿಲ್ಲ. ಮರೆತಿದ್ದ ಬೈಗುಳ ನೆನಪಾದವು. ಗಿರಣಿ ಮಾಲೀಕರಿಗೆ ನಾನು ಕೇಳದೇ ಇದ್ದ ಐದು ಪ್ರಶ್ನೆ ಕೇಳಿದೆ.

"ಜನ ಎಷ್ಟಿದ್ರು ಅಂತ ಬರೀಲಿ?" ಎಂದ.

ಇದ್ದದ್ದು ಹನ್ನೊಂದು ಜನ ಮತ್ತು ಯಾರದೋ ಒಂದು ಮೇಕೆ. "ಸಾವಿರಾರು ಅಂತ ಬರ್ಕೊ," ಎಂದೆ.

"ಚಪ್ಪಾಳೆ?"

"ಕಿವಿ ಕಿವುಡಾಗೋ ಹಂಗೆ."

ಹೀಗೆ ಎರಡು ತಿಂಗಳು ನಡೆಯಿತು. ಮೂರ್ಖ ನಾನು. ಒಂದು ದಿನ ದಫೇದಾರರು ಸಂತೆಯಲ್ಲಿ ಸಿಕ್ಕು, "ಏನ್ರಿ ನಿಮ್ಮ ಫೈಲು, ಇಷ್ಟು ದಪ್ಪ ಆಗೈತೆ. ಸಾಹೇಬ್ರು, ಇವನು ರಾಜ್ಯವೇ ಉರುಳಿಸ್ತಾನೆ ಅಂತ ಕೂತಾರೆ," ಎಂದು ಬೆರಳಲ್ಲಿ ಅಳತೆ ತೋರಿಸಿದಾಗಲೇ ನನಗೆ ಬೆವರು ಬಂದದ್ದು. ನನ್ನ ಗಡೀಪಾರಿನ ಗುಂಡಿಯನ್ನು ಅರ್ಧ ನಾನೇ ತೋಡಿದ್ದೆ.

ಆದರೂ ಒಂದು ಮಾತು ಹೇಳಲೇಬೇಕು. ಆ ಫೈಲಿನಲ್ಲಿರುವಷ್ಟು ಒಳ್ಳೆಯ ಭಾಷಣವನ್ನು ನಾನು ಗೇಟಿನ ಮುಂದೆ ಇವತ್ತಿನವರೆಗೂ ಮಾಡಿಲ್ಲ.

ಮುಂದಿನ ಚಕ್ರ ಮೈಸೂರು, ಹಿಂದಿನ ಚಕ್ರ ಮುಂಬಯಿ

ಮೂರನೇ ಕರೆ ಹರಿಹರಕ್ಕೆ. ಅದೂ ನಮ್ಮ ಇನ್ಸ್‌ಪೆಕ್ಟರರ ಹದ್ದಿಗೇ ಸೇರಿತ್ತು. ಅಲ್ಲಿನ ಒಬ್ಬ ಕಾಳಿನ ವ್ಯಾಪಾರಿಯ ಸೈಕಲ್ ಕಳುವಾಗಿ, ವಾರದ ಮೇಲೆ ಹೊಳೆಯ ಸೇತುವೆಯ ನಟ್ಟನಡುವೆ ಸಿಕ್ಕಿತು. ಅದು ನಿಂತಿದ್ದ ರೀತಿ ಹೇಗಿತ್ತೆಂದರೆ, ಮುಂದಿನ ಚಕ್ರ ಮೈಸೂರು ಸರ್ಕಾರದಲ್ಲಿ, ಹಿಂದಿನ ಚಕ್ರ ಮುಂಬಯಿ ಸರ್ಕಾರದಲ್ಲಿ.

ನನ್ನನ್ನು ರೈಲಿನಲ್ಲಿ ಕರೆದುಕೊಂಡು ಹೋದರು. ಸೇತುವೆಯ ಆ ಬದಿಯಿಂದ ಅಲ್ಲಿನ ಇನ್ಸ್‌ಪೆಕ್ಟರರೂ ಬಂದರು. ನಮ್ಮವರು, "ಇದು ಮುಂಬಯಿ ಕಡೆಯ ಕಳ್ಳನ ಬುದ್ಧಿ. ಅಲ್ಲಿಗೇ ಓಡ್ತಿದ್ದ," ಎಂದರು. ಅವರು, "ಮೈಸೂರು ಕಡೆಯವನೇ ರೀ. ಹೆದರಿ ಅರ್ಧಕ್ಕೇ ಬಿಟ್ಟಾನ," ಎಂದರು. ನಮ್ಮವರು ತಮ್ಮ ಕಡೆಯ ಅನುಮಾನದ ಮನುಷ್ಯ ಎಂದು ನನ್ನನ್ನು ತೋರಿಸಿದರು. ಅವರೂ ತಮ್ಮ ಕಡೆಯಿಂದ ಒಬ್ಬನನ್ನು ತಂದಿದ್ದರು. ನೋಡಿದರೆ ಅವನೂ ಗಿಡ್ಡ, ಅವನೂ ಸಿಟ್ಟಿನವ. ಬೀಡಿ ಕಟ್ಟುವವರ ಸಂಘ ಮಾಡಿಕೊಂಡವನಂತೆ. ಹೊಳೆಯ ಎರಡೂ ದಡದಲ್ಲಿ ಕಳ್ಳನ ಚಹರೆ ಒಂದೇ. ರಾಜ್ಯ ಒಂದಾಗುವ ಮೊದಲೇ ಪೊಲೀಸರ ಕರಿಹಲಗೆ ಒಂದಾಗಿತ್ತು.

ಇಬ್ಬರು ಸಾಹೇಬರು ಜಗಳಕ್ಕೆ ಬಿದ್ದಾಗ ನಾವಿಬ್ಬರು ಮಾತಿಗೆ ಕೂತೆವು.

"ನಿಮ್ಮ ಕಡೆ ಎಷ್ಟು ತಾಸು ದುಡಿಸ್ತಾರೋ ಮಾರಾಯಾ?" ಎಂದು ಅವನು ಕೇಳಿದ. ನಾನು ಹೇಳಿದೆ. ಅವನು ಎದ್ದು ನಿಂತು ಮುಂಬಯಿ ಸರ್ಕಾರ ಬೈದ. ನಾನು ಎದ್ದು ನಿಂತು ಮೈಸೂರು ಸರ್ಕಾರ ಬೈದೆ. ಎರಡೂ ಕಡೆಯಿಂದ ಬಂದ ಚಕ್ಕಡಿಗಳು ನಿಂತವು. ಎತ್ತಿನವರು ಇಳಿದು ಕೇಳತೊಡಗಿದರು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಸಭೆ ಅದೊಂದೇ, ಅದನ್ನು ಕೂಡಿಸಿದ್ದು ಪೊಲೀಸರು.

ದಫೇದಾರರು ಅಷ್ಟು ಹೊತ್ತೂ ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಚೈನು ಮುಟ್ಟಿ ಮೂಸಿದರು, ಚಕ್ರ ತಿರುಗಿಸಿ ಕಿವಿ ಇಟ್ಟರು. ಆಮೇಲೆ ಮಾಲೀಕನನ್ನು ಕರೆದರು.

"ಇದಕ್ಕೆ ಎಣ್ಣೆ ಹಾಕಿದ್ದು ಯಾರ್ರಿ?"

"ನಾನು ಹಾಕಿಲ್ರಿ. ಕಿರ್ರ್ ಅಂತಿತ್ತು."

"ಟೈರಿಗೆ ಹೊಸ ತೇಪೆ ಐತೆ. ಚಕ್ರದ ಕಡ್ಡಿ ಮೂರು ಹೊಸವು. ಮಡ್‌ಗಾರ್ಡ್ ಬಡಿದು ನೆಟ್ಟಗೆ ಮಾಡ್ಯಾನೆ. ಸಾಹೇಬ್ರೆ, ಇವನು ಸಿಟ್ಟಿನವನೂ ಅಲ್ಲ, ಬಡವನೂ ಅಲ್ಲ, ಸರ್ಕಾರದ ವೈರಿನೂ ಅಲ್ಲ. ಕೆಟ್ಟ ಸೈಕಲ್ ಕಂಡ್ರೆ ತಡ್ಕೊಳ್ಳಕಾಗದ ಯಾವನೋ ರಿಪೇರಿಯವನು. ಮಾಡಬೇಕಾಗಿರದಿದ್ದ ಕೆಲಸ ನೋಡ್ರಿ."

ಇಬ್ಬರು ಇನ್ಸ್‌ಪೆಕ್ಟರರೂ ಜಗಳ ಬಿಟ್ಟು ಬಗ್ಗಿ ಮಡ್‌ಗಾರ್ಡ್ ನೋಡಿದರು. ಮಾಲೀಕ ಸೈಕಲ್ ಹತ್ತಿ ಒಂದು ಸುತ್ತು ಹೊಡೆದು ಬಂದು ಇಳಿದ. ಬ್ರೇಕು ಒತ್ತಿ ನೋಡಿದ.

"ಸಾಹೇಬ್ರೆ, ನನ್ನ ಕಂಪ್ಲೇಂಟು ವಾಪಸ್ ತಗೋತೀನಿ," ಎಂದ. "ಬ್ರೇಕು ಒಂದು ಉಳಿದೈತೆ. ಇನ್ನೊಂದು ವಾರ ಇಲ್ಲೇ ಬಿಟ್ಟಿರ್ಲಾ?"

ಅಪಾಯಕಾರಿ

ಮೂರು ಕರೆ ಮುಗಿದಿತ್ತು. ಮೂರು ಸಲವೂ ನನ್ನ ಮೇಲೆ ಯಾವ ಕಳುವೂ ರುಜುವಾತಾಗಿರಲಿಲ್ಲ. ಅದು ಲೆಕ್ಕಕ್ಕಿಲ್ಲ, ಕರೆ ಮೂರು ಆಯಿತಲ್ಲ. ಇನ್ಸ್‌ಪೆಕ್ಟರರು ವರದಿಗೆ ಕೈ ಹಾಕುವಷ್ಟರಲ್ಲಿ ಅವರಿಗೇ ವರ್ಗವಾಯಿತು. ಮಂಡಕ್ಕಿ ಪಾತಕಿಯನ್ನು ಹಿಡಿಯಲು ಇನ್ನೂ ಹತ್ತು ಪೇದೆ ಬೇಕು ಎಂದು ಮೇಲಕ್ಕೆ ಬರೆದದ್ದೇ ಕಾರಣ ಎಂದು ಜನ ಹೇಳುತ್ತಿದ್ದರು. ಮೇಲಿನವರು ಸಂಜೆ ಹೊತ್ತು ಅದನ್ನು ಓದುವಾಗ ಅವರ ಮೇಜಿನ ಮೇಲೂ ಮಂಡಕ್ಕಿ ಇತ್ತಂತೆ.

ಆದರೆ ನನ್ನ ಫೈಲಿಗೆ ವರ್ಗವಾಗಲಿಲ್ಲ. ಇನ್ಸ್‌ಪೆಕ್ಟರರು ಕಳಿಸುತ್ತೇನೆ ಎಂದು ಮೊದಲೇ ತಿಳಿಸಿದ್ದ ಇಂಥವನ ವರದಿ ಏನಾಯಿತು ಎಂದು, ಆಗಿನ ನಮ್ಮ ಜಿಲ್ಲಾ ಕೇಂದ್ರ ಚಿತ್ರದುರ್ಗದಿಂದ ಕಾಗದ ಬಂತು. ಹೊಸ ಸಾಹೇಬರು ಇನ್ನೂ ಬಂದಿರಲಿಲ್ಲ. ಬರೆಯುವ ಕೆಲಸ ದಫೇದಾರರ ತಲೆಗೆ ಬಿತ್ತು.

ಆ ಹದಿನೈದು ದಿನ ನಾನು ಹೊರಗೆ ಗುಡುಗುತ್ತಿದ್ದೆ, ಒಳಗೆ ನಡುಗುತ್ತಿದ್ದೆ. ಮಗ್ಗದ ಮುಂದೆ ನಿಂತು ಎರಡು ಸಲ ನೂಲು ತುಂಡು ಮಾಡಿದೆ. ಕೋಣೆಯ ಬೀಗದ ಕೈಯನ್ನು ಯಾರಿಗೆ ಕೊಡುವುದು ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಅಕ್ಕ ನನಗೆ ಗೊತ್ತಾಗದ ಹಾಗೆ ಒಂದು ಕಂಬಳಿ ಒಗೆದು ಮಡಿಸಿಟ್ಟಿದ್ದಳು.

ಹದಿನಾರನೇ ದಿನ ಸಂಜೆ ಎಂದಿನಂತೆ ಬಜ್ಜಿ ಅಂಗಡಿಗೆ ಹೋದೆ. ಅಂಗಡಿಯವನು ಎಲ್ಲರಿಗೂ ಕಟ್ಟುವ ರಾಶಿಯಿಂದ ಕಾಗದ ತೆಗೆಯಲಿಲ್ಲ. ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಹಾಳೆ ಎಳೆದ. ಅದರ ಕೆಳತುದಿ ಹರಿದು ಎರಡು ಬಜ್ಜಿ ಇಟ್ಟುಕೊಟ್ಟ, ಉಳಿದದ್ದರಲ್ಲಿ ಮಂಡಕ್ಕಿ ಕಟ್ಟಿದ. ತಿಂದೆ. ಬಜ್ಜಿಯ ತುಂಡು ಎಣ್ಣೆ ಕುಡಿದಿತ್ತು, ಎಸೆದೆ. ದೊಡ್ಡ ಹಾಳೆ ಬಿಡಿಸಿದೆ. ಅದು ದಫೇದಾರರ ಕೈಬರಹ. ನನ್ನ ವರದಿಯ ಕರಡು.

'ಸದರಿ ವ್ಯಕ್ತಿಯನ್ನು ಬಹುಕಾಲದಿಂದ ಬಲ್ಲೆನು. ಕಳ್ಳತನ ಇವನಿಂದ ಸಾಧ್ಯವಿಲ್ಲ. ಕದ್ದವನು ಬಚ್ಚಿಡಬೇಕು, ಇವನು ಮನಸ್ಸಿನಲ್ಲಿರುವುದನ್ನೇ ಬಚ್ಚಿಡಲಾರನು. ಒಳಸಂಚೂ ಸಾಧ್ಯವಿಲ್ಲ. ಏನು ಸಂಚು ಮಾಡಿದರೂ ಮೊದಲು ಗೇಟಿನ ಮುಂದೆ ಕೂಗಿ ಹೇಳುವನು. ಬಾಯಿ ದೊಡ್ಡದು, ಕೈ ಸಣ್ಣದು. ನಾಯಿಗೆ ಹೆದರುವನು. ಅಕ್ಕನಿಗೆ ಅದಕ್ಕಿಂತ ಹೆಚ್ಚು ಹೆದರುವನು. ಸಂಜೆ ಏಳೆಂಟು ಜನಕ್ಕೆ ಅಕ್ಷರ ಹೇಳಿಕೊಡುವನು. ಇದರಿಂದ ಅರ್ಜಿ ಬರೆಯಿಸಿಕೊಳ್ಳಲು ಠಾಣೆಗೆ ಬರುವವರು ಕಡಿಮೆಯಾಗಿ ನಮಗೆ ಅನುಕೂಲವಾಗಿದೆ. ಯಾವ ದೃಷ್ಟಿಯಿಂದಲೂ ಅಪಾಯಕಾರಿಯಲ್ಲ. ಗಡೀಪಾರು ಅನಗತ್ಯ.'

ಮೊದಲನೇ ಸಲ ಓದಿದಾಗ ಹೋದ ಜೀವ ಬಂತು. ಕಣ್ಣು ಮಂಜಾಯಿತು, ಮೆಣಸಿನಕಾಯಿ ಖಾರ ಎಂದುಕೊಂಡೆ. ಎರಡನೇ ಸಲ ಓದಿದಾಗ ರಕ್ತ ಕುದಿಯಿತು. ಯಾವ ದೃಷ್ಟಿಯಿಂದಲೂ ಅಪಾಯಕಾರಿಯಲ್ಲವಂತೆ. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಇದಕ್ಕಾ? ನಾಯಿಯ ವಿಷಯ ಬೇರೆ ಬರೆದಿದ್ದಾರೆ. ಚಿತ್ರದುರ್ಗದ ದೊಡ್ಡ ಸಾಹೇಬರು ಅದನ್ನು ಓದಿ ನಕ್ಕಿರುವುದಿಲ್ಲವೇ?

ಕಾಗದ ಮುಷ್ಟಿಯಲ್ಲಿ ಹಿಡಿದು ಠಾಣೆಗೆ ನುಗ್ಗಿದೆ. ದಫೇದಾರರು ಒಬ್ಬರೇ ಕೂತಿದ್ದರು.

"ಬರ್ರಿ ಸೆಕ್ರೆಟ್ರಿಯೋರೆ, ಕೂಡ್ರಿ," ಎಂದು ಮುಂದಕ್ಕೆ ಒಂದು ಲೋಟ ತಳ್ಳಿದರು.

"ಕೂಡಾಕೆ ಬಂದಿಲ್ಲ ನಾನು," ಎನ್ನುತ್ತ ಕೂತೆ. "ಇದೇನ್ರಿ ಬರ್ದಿರೋದು? ಮೂರು ಗಿರಣಿ ನಿಲ್ಲಿಸ್ತೀನಿ ಅಂದೋನು ನಾನು. ಅಪಾಯಕಾರಿ ಅಲ್ಲ ಅಂತ ಬರೀತೀರಾ? ಹೊಡೆದು ಹಾಕ್ರಿ ಇದನ್ನ. ಅಪಾಯಕಾರಿ ಅಂತ ತಿದ್ದಿ ಬರೀರಿ. ಇಲ್ಲಾಂದ್ರೆ ಇಲ್ಲಿಂದ ಏಳಂಗಿಲ್ಲ."

"ತಿದ್ದಿದ್ರೆ ಗಡೀಪಾರು ಆಗ್ತೈತಲ್ರಿ."

"ಆಗ್ಲಿ ಬಿಡ್ರಿ. ಬ್ಯಾಡ. ಗಡೀಪಾರು ಬ್ಯಾಡ. ಆದ್ರೆ ಅಪಾಯಕಾರಿ ಅಂತ ಬರೀರಿ. ಎರಡೂ ಬರೀಬೇಕು."

ಅವರು ಎಲೆಅಡಿಕೆ ಇನ್ನೊಂದು ದವಡೆಗೆ ತಳ್ಳಿದರು. ಕಪಾಟಿನಿಂದ ನನ್ನ ಫೈಲು ತೆಗೆದರು. ಮೇಲೆ ವರದಿಯ ನಕಲು, ಅದರ ಅಂಚಿನಲ್ಲಿ ಚಿತ್ರದುರ್ಗದ ಸಾಹೇಬರು 'ಒಪ್ಪಿದೆ' ಎಂದು ಬರೆದು ಸಹಿ ಹಾಕಿದ್ದರು.

"ಬಜ್ಜಿಯವನು ಕೆಳಗಿನ ಸಾಲು ಹರ್ದು ಬಿಟ್ಟಾನೆ ಅನ್ನಿಸ್ತೈತೆ," ಎಂದರು. "ನಾನು ಪೂರ್ತಿ ಹಾಳೇನೇ ಕೊಟ್ಟಿದ್ದೆ, ನಿಮ್ಮ ಪೊಟ್ಟಣಕ್ಕೆ ಅಂತ. ಇದನ್ನ ಓದ್ರಿ."

ಕೊನೆಯ ಸಾಲನ್ನು ಓದಿದೆ.

'ಈ ವರದಿಯ ವಿಷಯ ತಿಳಿದಲ್ಲಿ ಸದರಿಯವನು ಕೂಡಲೇ ಠಾಣೆಗೆ ಬಂದು, ತಾನು ಅಪಾಯಕಾರಿಯೆಂದು ವಾದಿಸುವನು. ಆಗ ಒಂದು ಲೋಟ ಚಹಾ ಕೊಟ್ಟಲ್ಲಿ, ಬೈಯುತ್ತಲೇ ಕುಡಿದು ಮುಗಿಸುವನು.'

ಕೈಯಲ್ಲಿದ್ದ ಲೋಟ ನೋಡಿಕೊಂಡೆ. ಖಾಲಿಯಾಗಿತ್ತು.